ಆಯುಧಪೂಜೆಗೆ ಕಾದ ಸುತ್ತೋಲೆ

ನಾನು ವೆಂಕಟರವಣಪ್ಪ ಬಿನ್ ಲೇಟ್ ಪಿಳ್ಳಪ್ಪ, 53 ವರ್ಷ, ರೇಷ್ಮೆ ನೂಲು ಕಾರ್ಖಾನೆಯಲ್ಲಿ ಮೇಲ್ವಿಚಾರಕ, ವಾಸ ಮೇಲೂರು ಗ್ರಾಮ, ಶಿಡ್ಲಘಟ್ಟ ತಾಲ್ಲೂಕು. ಈ ದಿನ 30-8-2008 ಮಧ್ಯಾಹ್ನ 1.50ಕ್ಕೆ ಠಾಣೆಗೆ ನಾನಾಗಿಯೇ ಬಂದು ತಿಳಿಸುವುದೇನೆಂದರೆ,

ನಮ್ಮ ಮಾಲೀಕರಿಗೆ ಮೇಲೂರು ರಸ್ತೆಯಲ್ಲಿ ಒಂದು, ಚಿಂತಾಮಣಿ ಬಳಿ ಒಂದು ಕಾರ್ಖಾನೆ ಇವೆ. ಎರಡೂ ಕಡೆ ಕೆಲಸಗಾರರಿಗೆ ಸುರಕ್ಷತೆಯ ಪಾಠ ಹೇಳುವವನು ನಾನೇ, ಅದಕ್ಕೆ ಅವರು ನನ್ನನ್ನು ಮೇಷ್ಟ್ರು ಎನ್ನುತ್ತಾರೆ. ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ವಾರ ಹೇಳುವುದು ವಾಡಿಕೆ. ಗೂಡು ಬೇಯಿಸಿದ ನೀರು, ಸತ್ತ ಹುಳ ಸೇರುವ ನೆಲದೊಳಗಿನ ತೊಟ್ಟಿಗೆ ಇಳಿಯುವ ಮೊದಲು ಉರಿಯುವ ದೀಪ ಇಳಿಬಿಡಬೇಕು, ದೀಪ ಆರಿದರೆ ಇಳಿಯಬಾರದು ಎಂದು ಹನ್ನೊಂದು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ನಮ್ಮ ತಾತ ಬಾವಿಯ ಹೂಳು ತೆಗೆಯುವಾಗ ಹಾಗೆ ಮಾಡುತ್ತಿದ್ದ ಕಥೆಯನ್ನೂ ಸೇರಿಸಿ ಹೇಳುತ್ತಿದ್ದೆ. ಜನ ಇಷ್ಟಪಟ್ಟು ಕೇಳುತ್ತಿದ್ದರು.

ದಿನಾಂಕ 17-6-2008ರಂದು ಕಾರ್ಖಾನೆ ಇಲಾಖೆಯಿಂದ ಹೊಸ ಸುತ್ತೋಲೆ ಬಂತು. ಹುಳ ಕೊಳೆತ ಗಾಳಿ ದೀಪವನ್ನು ಆರಿಸದೆಯೇ ಮನುಷ್ಯನನ್ನು ಕೊಲ್ಲುತ್ತದೆ, ಮೀಟರಿನಲ್ಲಿ ಗಾಳಿ ಪರೀಕ್ಷಿಸದೆ ಯಾರನ್ನೂ ಇಳಿಸಬಾರದು, ಇದನ್ನು ಕೂಡಲೇ ಕೆಲಸಗಾರರಿಗೆ ಕಲಿಸಬೇಕು ಎಂದಿತ್ತು. ಓದಿದೆ. ಆಯುಧಪೂಜೆಗೆ ಹೇಳಿದರಾಯಿತೆಂದು ಫೈಲಿನಲ್ಲಿ ಇಟ್ಟೆ.

ಅಮಾವಾಸ್ಯೆಯ ದಿನ ಯಂತ್ರ ನಿಲ್ಲಿಸಿ ತೊಟ್ಟಿ ತೊಳೆಸುವುದು ನಮ್ಮ ಪದ್ಧತಿ. ಎರಡು ಕಾರ್ಖಾನೆಗೂ ಒಂದೇ ಪಂಪು. ಇಂದು ಬೆಳಿಗ್ಗೆ 9.30ರಿಂದ 11.15ರವರೆಗೆ ಮೇಲೂರು ರಸ್ತೆಯ ತೊಟ್ಟಿಯ ನೀರು ಹೊರಹಾಕಿ, 11.30ಕ್ಕೆ ಪಂಪನ್ನು ಟೆಂಪೋದಲ್ಲಿ ಚಿಂತಾಮಣಿಗೆ ಕಳಿಸಿದೆವು. 11.40ಕ್ಕೆ ಕೆಲಸಗಾರರಾದ ನಲ್ಲಪ್ಪ ಮತ್ತು ಚೆನ್ನರಾಯಪ್ಪ ದೀಪ ಇಳಿಬಿಟ್ಟರು. ನಾನು ನಲವತ್ತು ಅಡಿ ದೂರದ ಆಫೀಸಿನಲ್ಲಿದ್ದೆ. ಮೊದಲು ಮೇಷ್ಟ್ರನ್ನ ಒಂದ್ ಮಾತು ಕೇಳಣ ಕಣೋ ಎಂದು ಚೆನ್ನರಾಯಪ್ಪ ಹೇಳಿದ್ದು ಕೇಳಿಸಿತು. ಏನ್ ಕೇಳ್ತೀಯ, ಅವ್ರು ಹೇಳ್ಕೊಟ್ಟಂಗೇ ಮಾಡಿದೀವಲ್ಲ, ನನ್ ಮದುವೇಲೂ ದೀಪ ಇಷ್ಟು ಚೆನ್ನಾಗಿ ಉರೀಲಿಲ್ಲ ಎಂದು ನಲ್ಲಪ್ಪ ನಕ್ಕು ಇಳಿದನು. ಎದ್ದು ಹೊರಗೆ ಬರುವಷ್ಟರಲ್ಲಿ ಚೆನ್ನರಾಯಪ್ಪ ಕೂಗಿಕೊಂಡನು. ನಲ್ಲಪ್ಪ ಎಂಟು ಅಡಿ ಆಳದಲ್ಲಿ ಮುಖ ಕೆಳಗಾಗಿ ಬಿದ್ದಿದ್ದನು. ಅವನ ಹಿಂದೆ ಇಳಿಯಲು ಹೋದ ಚೆನ್ನರಾಯಪ್ಪನನ್ನು ನಾನು ತಬ್ಬಿ ಹಿಡಿದುಕೊಂಡೆ. ಬಿಡಿ ಮೇಷ್ಟ್ರೇ, ದೀಪ ಉರೀತಾನೇ ಐತೆ ಎಂದು ಅವನು ನನ್ನ ಕೈ ಕಚ್ಚಿದನು. ಹಗ್ಗಕ್ಕೆ ಕೊಕ್ಕೆ ಕಟ್ಟಿ 12.10ಕ್ಕೆ ನಲ್ಲಪ್ಪನನ್ನು ಮೇಲೆತ್ತಿದೆವು. ಶಿಡ್ಲಘಟ್ಟ ಆಸ್ಪತ್ರೆಯಲ್ಲಿ 12.50ಕ್ಕೆ ವೈದ್ಯರು ನೋಡಿ, ಜೀವ ಹೋಗಿದೆ ಎಂದರು. ಅವನ ಹೆಂಡತಿ ಮುನಿಗಂಗಮ್ಮನಿಗೆ ಇನ್ನೂ ತಿಳಿಸಿಲ್ಲ.

ಚಿಂತಾಮಣಿಯಲ್ಲಿ ನೀರು ಹೊರಹಾಕಿ, ಸುಮಾರು 2.30ಕ್ಕೆ ಮೂವರು ತೊಟ್ಟಿಗೆ ಇಳಿಯಬೇಕಿದೆ. ಕೂಡಲೇ ನಿಲ್ಲಿಸಿ ಎಂದು ಮ್ಯಾನೇಜರ್ ರಮೇಶ್‌ಬಾಬು ಅವರಿಗೆ ಹೇಳಿದೆ. ಅವಸರ ಮಾಡ್ಬೇಡಿ ವೆಂಕಟರವಣಪ್ಪನವರೇ, ಮಾಲೀಕರು ಬರ್ಲಿ, ಅಲ್ಲೀವರೆಗೂ ಬಾಯಿ ಬಿಡ್ಬೇಡಿ ಎಂದರು. ಅಲ್ಲಿಯ ಮೇಸ್ತ್ರಿ ತಿರುಮಲೇಶ್ ಅವರ ಮೊಬೈಲಿಗೆ ಒಂಬತ್ತು ಸಲ ಕರೆ ಮಾಡಿದೆ, ಸ್ವಿಚ್ ಆಫ್ ಬಂತು. ರಜೆಯ ದಿನವಾದ್ದರಿಂದ ಆಫೀಸಿನ ಫೋನು ಯಾರೂ ಎತ್ತಲಿಲ್ಲ. ಆದ್ದರಿಂದ ಇಲ್ಲಿಗೆ ಬಂದೆ. ನಾನು ಹೇಳಿದ ಕೂಡಲೇ ತಾವು ವೈರ್‌ಲೆಸ್ ಮಾಡಿದಿರಿ. ಚಿಂತಾಮಣಿ ಠಾಣೆಯಿಂದ ಜೀಪು 2.05ಕ್ಕೆ ಹೊರಟಿದೆ ಎಂದು ಉತ್ತರ ಬಂತು. ಕಾರ್ಖಾನೆಗೆ ಅಲ್ಲಿಂದ ಒಂಬತ್ತು ಕಿಲೋಮೀಟರ್, ಕೊನೆಯ ಎರಡು ಮಣ್ಣಿನ ದಾರಿ. ಈಗ 2.40. ಬೇರೆ ಉತ್ತರ ಬಂದಿಲ್ಲ.

ಇದನ್ನು ನನಗೆ ಓದಿ ಹೇಳಲಾಯಿತು, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಒಂದು ಮಾತು ಸೇರಿಸಿಕೊಳ್ಳಬೇಕೆಂದು ಕೇಳಿಕೊಂಡಿದ್ದೇನೆ. ಚಿಂತಾಮಣಿಯ ಆ ಮೂವರು ಒಳ್ಳೆಯ ಕೆಲಸಗಾರರು. ನಾನು ಕಲಿಸಿದ್ದನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ.

ಸ್ಥಳ: ಶಿಡ್ಲಘಟ್ಟ
ದಿನಾಂಕ: 30-8-2008, ಮಧ್ಯಾಹ್ನ 2.45
ಸಹಿ: ವೆಂಕಟರವಣಪ್ಪ