ಗೋಪುರದಲ್ಲಿ ಮುಚ್ಚದೆ ಉಳಿದ ತೂತು

ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರಿಗೆ ಬರುವವರಿಗೆ ಮೊದಲು ಕಾಣುವುದು ಊರಲ್ಲ, ಸ್ಕೂಲಿನ ಗೋಪುರ. ಉದ್ದಕ್ಕೆ ಕಲ್ಲಿನ ಕಟ್ಟಡ, ಎಡಬಲಕ್ಕೆ ಸಾಲು ಕಮಾನುಗಳು, ನಡುವೆ ಮುಂದಕ್ಕೆ ಚಾಚಿದ ಮೊಗಸಾಲೆ, ಮೊಗಸಾಲೆಯ ನೆತ್ತಿಯ ಮೇಲೆ ಗೋಪುರ. ಕೆಳಗೆ ಚೌಕವಾಗಿ ಎದ್ದದ್ದು ಮೇಲೆ ಹೋಗುತ್ತ ಎಂಟು ಮೂಲೆಯಾಗಿ, ತುದಿಯಲ್ಲಿ ಬೋರಲು ಹಾಕಿದ ಬಟ್ಟಲಿನಂಥ ಗುಮ್ಮಟವಾಗುತ್ತದೆ. ಗೋಡೆಗೆ ಬಳಿದ ಗಾರೆ ಇವತ್ತಿಗೂ ಸವರಿದರೆ ಕೈ ಜಾರುವಷ್ಟು ನುಣುಪು. ಆದರೆ ಮೂಡಲ ಮುಖದಲ್ಲಿ, ಕಮಾನು ಕಿಟಕಿಯ ಪಕ್ಕಕ್ಕೆ, ಒಂದು ಕಪ್ಪು ತೂತು ಇದೆ. ಮುಷ್ಟಿ ತೂರಿಸುವಷ್ಟು. ಅಷ್ಟು ಚಂದದ ಕಟ್ಟಡಕ್ಕೆ ಅದೊಂದು ಹಾಗೇಕೆ ಉಳಿಯಿತೆಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೆ, ಕೇಳಿರಲಿಲ್ಲ.

ಮಹಾರಾಜರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಆ ಮೊಗಸಾಲೆಯಲ್ಲಿ ದೊಡ್ಡವರಿಗೆ ರಾತ್ರಿ ಶಾಲೆ ಶುರುವಾಯಿತು. ದೀಪ ಹಚ್ಚುವ ಹೊತ್ತಿಗೆ ಮುದ್ದೆ ತಿರುವಿಟ್ಟು ನಾವು ಹೆಂಗಸರು ಸ್ಲೇಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದೆವು. ಒಂದು ಸಂಜೆ ಮೇಷ್ಟ್ರು ಶಿವಯ್ಯನವರು ಬರುವ ಮೊದಲೇ ಮಳೆ ಹಿಡಿಯಿತು. ಎಂಥ ಮಳೆ! ಎದುರಿನ ಹೊಂಗೆ ಮರ ಕೂಡ ಕಾಣದಷ್ಟು. ಲಾಟೀನಿನ ಸುತ್ತ ಒತ್ತಿ ಕೂತೆವು. ಸ್ಕೂಲು ಗುಡಿಸುವ ಓಬಜ್ಜಿ ಕಂಬಕ್ಕೆ ಒರಗಿ ಎಲೆಯಡಿಕೆ ಮೆಲ್ಲುತ್ತಿದ್ದಳು. ಅಕ್ಷರ ಕಲಿ ಅಂದರೆ, ‘ನನ್ನ ಕೈಗೆ ಪೊರಕೆ ಒಗ್ಗೈತೆ, ಬಳಪ ಒಗ್ಗಲ್ಲ’ ಅನ್ನುವವಳು. ಆದರೆ ಒಂದು ದಿನವೂ ತರಗತಿ ತಪ್ಪಿಸಿದವಳಲ್ಲ.

ನಮ್ಮೊಡನೆ ಕಲಿಯುತ್ತಿದ್ದ ದ್ಯಾಮಮ್ಮನ ಬಾಯಿ ಸುಮ್ಮನಿರುವುದಿಲ್ಲ. “ಓಬಜ್ಜಿ, ಇಷ್ಟು ವರ್ಷ ಗುಡಿಸೀಯ, ಆ ಗೋಪುರದ ತೂತೊಂದು ಮುಚ್ಚಿಸಾಕಾಗ್ಲಿಲ್ಲೇನು? ಗೂಬೆ ಸೇರ್ಕಂಡೈತಂತೆ.”

“ಗೂಬೆ ಅಲ್ಲ ಕಣೆ ದ್ಯಾಮವ್ವ... ಕಾಟಮ್ಮ.”

ಮಳೆಯ ಸದ್ದಿನ ನಡುವೆಯೂ ಎಲ್ಲರಿಗೂ ಕೇಳಿಸಿತು. ಓಬಜ್ಜಿ ಬಾಯಲ್ಲಿದ್ದದ್ದನ್ನು ಹೊರಗೆ ಉಗಿದು ಬಂದು ನಮ್ಮ ನಡುವೆ ಕೂತಳು.

“ಹತ್ರ ಕುಂತ್ಕಳ್ರಿ, ಕೂಗಿ ಹೇಳೋ ಮಾತಲ್ಲ ಇದು. ಮಾರಿಕಣಿವೆ ಅಣೆಕಟ್ಟೆ ಮುಗೀತಲ್ಲ, ಆಗ ಅಲ್ಲಿ ಕೆಲಸ ಮಾಡ್ತಿದ್ದೋರೆಲ್ಲ ಕೂಲಿ ಹುಡುಕ್ಕಂಡು ಊರೂರಿಗೆ ಚದುರಿದ್ರು. ನಮ್ಮ ಗುಂಪು ಈ ಸ್ಕೂಲು ಕಟ್ಟಾಕೆ ಬಂತು. ನಾನಿನ್ನೂ ಲಂಗದ ಹುಡುಗಿ. ಗಾರೆ ಹೊರೋದು ನನ್ನ ಕೆಲಸ. ಗಾರೆ ಅಂದ್ರೆ ಈಗಿನ ಥರ ಅಲ್ಲ ಕಣ್ರೇ, ಸುಣ್ಣ, ಮರಳು, ಬೆಲ್ಲದ ನೀರು ಎಲ್ಲ ಹಾಕಿ, ದುಂಡನೆ ಕಾಲುವೇಲಿ ಕಲ್ಲಿನ ಗಾಲಿ ಇಟ್ಟು, ಎತ್ತು ಕಟ್ಟಿ ಅರೀಬೇಕು. ಸುಣ್ಣ ಬೆರೆತ ಬೆಲ್ಲದ ನೀರು ನೆಕ್ಕಿ ನೆಕ್ಕಿ ನಮ್ಮ ನಾಲಿಗೇನೆ ಸುಟ್ಟೋಗಿತ್ತು!

“ಕಾಟಮ್ಮ ನನಗಿಂತ ದೊಡ್ಡೋಳು. ಗಂಡ ಮಾರಿಕಣಿವೇಲಿ ಚಳಿಜ್ವರ ಬಂದು ಹೋಗಿದ್ದ. ಎದೆ ಮೇಲೆ ಒಂದು ಹೆಣ್ಣು ಕೂಸು, ಚಂದ್ರಿ ಅಂತ. ಆ ಕೂಸನ್ನ ಅಗೋ, ಆ ಹೊಂಗೆ ಮರಕ್ಕೆ ಸೀರೆ ಜೋಲಿ ಕಟ್ಟಿ ಮಲಗಿಸೋಳು. ತಾನು ಗೋಪುರದ ಸಾರುವೆ ಮೇಲೆ. ಸಾರುವೆ ಗೊತ್ತಲ್ಲ? ಗೋಡೇಲಿ ತೂತು ಬಿಟ್ಟು, ತೂತಿಗೆ ಗಳ ಸಿಗಿಸಿ, ಹಲಗೆ ಹಾಸಿ ನಿಂತ್ಕಂಡು ಕಟ್ತಾರಲ್ಲ, ಅದು. ಮಧ್ಯಾಹ್ನದ ತನಕ ಪಡುವಲ ಕಡೆ ನೆರಳಿರ್ತಿತ್ತು, ಎಲ್ಲಾ ಹೆಂಗಸರೂ ಆ ಕಡೆಗೇ ಮುಗಿಬೀಳೋರು. ಇವಳೊಬ್ಬಳು ಮಾತ್ರ ಮೂಡಲ ಕಡೆ ಬಿಸಿಲಿಗೆ ನಿಲ್ಲೋಳು. ಯಾಕೆ? ಅಲ್ಲಿಂದ ಕೂಸು ಕಾಣ್ತಿತ್ತು.

“ಗೊಲ್ಲಪ್ಪ ಅಂತ ಮುದುಕ, ಗೋಡೆ ಕಟ್ಟೋನು. ‘ಏನಮ್ಮಣ್ಣಿ, ಕಣ್ಣು ಜೋಲೀಲಿ ಇಟ್ಕಂಡು ಕೈಲಿ ಗಾರೆ ಕೊಟ್ರೆ, ನನ್ನ ಮೀಸೆಗೆ ಬಳೀತೀಯಲ್ಲ’ ಅಂತ ಗೇಲಿ ಮಾಡೋನು. ಅವಳು ನಕ್ಕು, ಹಲಗೆ ಮೇಲೆ ಒಣಗಿದ ಗಾರೇನ ಬೆರಳಲ್ಲಿ ಪುಡಿ ಮಾಡಿ ಕೆಳಗೆ ನನ್ನ ತಲೆ ಮೇಲೆ ಉದುರಿಸೋಳು. ಅದು ನಮ್ಮಿಬ್ಬರ ಗುಟ್ಟು. ಕೂಗಿದ್ರೆ ಉಳಿ ಸದ್ದಲ್ಲಿ ಕೇಳ್ತಿರ್ಲಿಲ್ಲ ನೋಡ್ರಿ. ತಲೆ ಮೇಲೆ ಪುಡಿ ಬಿತ್ತು ಅಂದ್ರೆ, ‘ಲೇ ಓಬಿ, ಕೂಸಿನ ಕಡೆ ನೋಡೇ’ ಅಂತ ಅರ್ಥ. ನಾನು ಓಡೋಗಿ ಜೋಲಿ ತೂಗಿ ಬರ್ತಿದ್ದೆ.”

ಓಬಜ್ಜಿ ಲಾಟೀನಿನ ಬತ್ತಿ ಏರಿಸಿದಳು. ಅವಳ ಕಣ್ಣು ಮಳೆಯಲ್ಲಿ ಮರೆಯಾದ ಹೊಂಗೆ ಮರದ ಕಡೆಗಿತ್ತು.

“ಒಂದಿನ ಮಧ್ಯಾಹ್ನ... ನಾನು ಗಾರೆ ತುಂಬ್ಕಳಾಕೆ ಬಗ್ಗಿದ್ದೆ. ಅರೆಯೋ ಎತ್ತಿಗೆ ಅದೇನು ಕಚ್ಚಿತೋ, ನೊಗ ಕಿತ್ಕಂಡು ನುಗ್ತು. ಎಲ್ಲಿಗೆ? ಸೀದಾ ಜೋಲಿ ಕಡೆಗೆ. ಕೆಳಗಿದ್ದ ನಮಗ್ಯಾರಿಗೂ ಗೊತ್ತಾಗ್ಲಿಲ್ಲ. ಮೇಲಿದ್ದೋಳಿಗೆ ಕಾಣ್ತು. ಪುಡಿ ಉದುರಿಸಾಕೆ ಹೊತ್ತೆಲ್ಲೈತೆ? ಕೈಲಿದ್ದ ಗಾರೆ ಪುಟ್ಟಿನೇ ಎತ್ತಿ, ಬಗ್ಗಿ, ಬೀಸಿ ಒಗೆದ್ಲು. ಎತ್ತಿನ ಮೂತಿ ಮುಂದೆ ಬಿತ್ತು ಪುಟ್ಟಿ. ಎತ್ತು ಬೆದರಿ ಆ ಕಡೆ ತಿರುಗ್ತು. ಪುಟ್ಟಿ ಹಿಂದೆನೇ... ಅವಳೂ ಬಂದ್ಲು.

“ಕೂಸಿನ ಕೆನ್ನೆ ಮೇಲೆ ಒಂದು ಹನಿ ಗಾರೆ ಅಂಟಿತ್ತು. ಅಷ್ಟೇ ಕಣ್ರೇ. ನಿದ್ದೆನೂ ಕೆಟ್ಟಿರ್ಲಿಲ್ಲ.”

ಯಾರೋ ಮೂಗು ಒರೆಸಿಕೊಂಡರು. ದ್ಯಾಮಮ್ಮ ಮೆಲ್ಲಗೆ, “ಕೂಸು ಏನಾತಜ್ಜಿ?” ಅಂದಳು.

“ಕೂಸು ನನ್ನ ಕೈಗೆ ಬಂತು. ಆಡಿನ ಹಾಲಿಗೆ ಬತ್ತಿ ಅದ್ದಿ ಚೀಪಿಸ್ತಿದ್ದೆ, ಕುಡೀತಿತ್ತು. ಇತ್ತ ಗೋಪುರ ಮುಗೀತು, ಸಾರುವೆ ಬಿಚ್ಚಾಕೆ ಹಿಡಿದ್ರು. ಮೇಲಿಂದ ಒಂದೊಂದೇ ಗಳ ಕಿತ್ತು, ತೂತಿಗೆ ಗಾರೆ ಮೆತ್ತಿ, ನುಣ್ಣಗೆ ಮಾಡಿ ಕೆಳಕ್ಕಿಳೀಬೇಕು. ಅದಕ್ಕೊಂದು ನೇಮ ಐತೆ ನಮ್ಮೋರಲ್ಲಿ. ಮುಚ್ಚೋ ಮುಂಚೆ ತೂತಿಗೆ ಬಾಯಿಟ್ಟು, ‘ಒಳಗ್ಯಾರೈದೀರಪ್ಪ?’ ಅಂತ ಕೂಗಬೇಕು. ಗುಬ್ಬೀನೋ ಗೊರವಂಕಾನೋ ಗೂಡು ಕಟ್ಟಿರ್ತಾವೆ. ಏನಾದ್ರೂ ಸದ್ದು ಬಂತೋ, ಮರಿ ಹಾರೋಗೋ ತನಕ ಆ ತೂತು ಮುಚ್ಚಂಗಿಲ್ಲ. ಜೀವ ಇಟ್ಟು ಗೋಡೆ ಮುಚ್ಚಿದ್ರೆ ಆ ಗೋಡೆ ಬಾಳಲ್ಲ ಅಂತ.

“ಗೊಲ್ಲಪ್ಪ ಕೂಗ್ತಾ ಮುಚ್ತಾ ಬಂದ. ಕಾಟಮ್ಮ ನಿಲ್ತಿದ್ದ ಜಾಗಕ್ಕೆ ಬಂದ. ಗಳ ಕಿತ್ತ. ಕೂಗಿದ. ಆಮ್ಯಾಕೆ ಕೈಲಿದ್ದ ಗಾರೆ ಮೆತ್ತೋ ಕರಣೆ ಕೆಳಗೆ ಬಿತ್ತು. ಇಳಿದು ಬಂದು ನನ್ನ ಮುಂದೆ ಕುಕ್ಕರಿಸಿದ. ‘ಓಬಿ... ಒಳಗೆ ಕಾಟಮ್ಮ ಕಣೆ. ನಾನೈದೀನಿ ಕಣಣ್ಣ, ಮರಿ ಇನ್ನೂ ಸಣ್ಣದು, ಅಂದ್ಲು’ ಅಂದ.

“ಕೆಲಸ ನೋಡ್ಕಳೋ ಓವರ್ಸಿಯರು ಬಿಡ್ತಾನಾ? ಮೈಸೂರಿಂದ ದೊಡ್ಡೋರು ಬರೋರಿದ್ರು. ‘ಇಂಥ ಚಂದದ ಮುಖದ ಮೇಲೆ ಸಿಡುಬಿನ ಕಲೆ ಇದ್ದಂಗೆ ತೂತು ಬಿಡ್ತೀರೇನ್ರೋ’ ಅಂತ ಬೈದು, ಕಾಟಲಿಂಗಪ್ಪ ಅನ್ನೋನ್ನ ಹತ್ತಿಸಿದ. ಅವನು ಕೂಗ್ದೇನೆ ಮೆತ್ತಿ ಇಳಿದ. ಅವತ್ತು ಸಂಜೆ ಕೂಸು ಹಾಲು ಮುಟ್ಲಿಲ್ಲ. ಬತ್ತಿ ಬಾಯಿಗಿಟ್ರೆ ಮುಖ ತಿರುಗಿಸ್ತು. ಅಳ್ತು ಅಂದ್ರೆ... ಉಸಿರು ಕಟ್ಟಿ ನೀಲಿಗಟ್ಟೋ ಹಂಗೆ. ಬೆಳಿಗ್ಗೆ ನೋಡಿದ್ರೆ ಮೆತ್ತಿದ ಗಾರೆ ಅಚ್ಚು ಹಾಕಿದ್ದಂಗೆ ಹೊರಗೆ ಬಿದ್ದಿತ್ತು, ಕೂಸು ಹಾಲು ಕುಡೀತು. ಮತ್ತೆ ಮುಚ್ಚಿದ್ರು, ಮತ್ತೆ ಹಂಗೇ. ಮುಚ್ಚಿದಾಗೆಲ್ಲ ಕೂಸು ಒಣಗ್ತಾ ಬಂತು. ಇನ್ನೊಂದು ಸಲ ಮುಚ್ಚಿದ್ರೆ ಇದು ಉಳಿಯಲ್ಲ ಅಂತ ನನಗೆ ಗೊತ್ತಾಗೋತು. ಹೋಗಿ ಓವರ್ಸಿಯರ ಕಾಲಿಗೆ ಬಿದ್ದೆ. ‘ಬುದ್ಧಿ, ಒಂದು ಸಲ ನೀವೇ ಹತ್ತಿ ಕೇಳಿ ನೋಡ್ರಿ’ ಅಂದೆ.

“ನಗಾಡ್ಕಂತ ಹತ್ತಿದ ಪುಣ್ಯಾತ್ಮ. ಪಂಚೆ ಎತ್ತಿ ಕಟ್ಟಿ, ರುಮಾಲು ಸರಿ ಮಾಡ್ಕಂಡು, ‘ಯಾರಮ್ಮ ಒಳಗಡೆ?’ ಅಂತ ಪ್ಯಾಟೆ ಮಾತಲ್ಲಿ ಕೂಗಿದ. ಕೆಳಗೆ ನಾವೆಲ್ಲ ಕತ್ತೆತ್ತಿ ನಿಂತಿದ್ವಿ. ಕಿವಿ ತೂತಿಗೆ ಇಟ್ಟೋನು ಬಾಳ ಹೊತ್ತು ತೆಗೀಲೇ ಇಲ್ಲ. ಇಳಿದಾಗ ಹುಬ್ಬಿನ ತುಂಬ ಬೆಳ್ಳಗೆ ಸುಣ್ಣದ ಪುಡಿ. ಏನು ಕೇಳ್ತೋ, ಯಾರಿಗೂ ಹೇಳ್ಲಿಲ್ಲ. ‘ಕೂಸು ಎಲ್ಲಿದೆ?’ ಅಂದ. ಹೆಗಲ ಮೇಲಿದ್ದ ಶಲ್ಯ ತೆಗೆದು ಅದಕ್ಕೆ ಹೊದಿಸಿದ. ‘ಅದೊಂದು ಇರ್ಲಿ, ಗೋಪುರಕ್ಕೂ ಉಸಿರಾಡೋಕೆ ಜಾಗ ಬೇಕಲ್ಲ’ ಅಂದು ಹೊಂಟೋದ.”

“ಆಮೇಲೆ?” ಅಂದೆ ನಾನು.

“ಆಮೇಲೇನು? ಗುಂಪು ಬಬ್ಬೂರು ಕಡೆ ಹೋತು. ನಾನು ಹೋಗ್ಲಿಲ್ಲ. ಆ ತೂತು ಬಿಟ್ಟು ಕೂಸನ್ನ ಎಲ್ಲಿಗೆ ಕರ್ಕಂಡು ಹೋಗ್ಲಿ? ಇಲ್ಲೇ ಪೊರಕೆ ಹಿಡಿದೆ. ಚಂದ್ರಿ ಈ ಮೊಗಸಾಲೇಲೇ ಅಂಬೆಗಾಲಿಟ್ಲು, ಇಲ್ಲೇ ಕುಂತು ಮರಳಲ್ಲಿ ಅಕ್ಷರ ತಿದ್ದಿದ್ಲು. ಬೆಳೆದ್ಲು. ಚಿಕ್ಕಜಾಜೂರಲ್ಲಿ ರೈಲ್ವೆ ಕೆಲಸದ ಹುಡುಗನಿಗೆ ಕೊಟ್ಟೆ. ಹೊರಡೋ ದಿನ ಗೋಪುರದ ಕಡೆ ತಿರುಗಿ ಕೈ ಮುಗಿದ್ಲು, ಗಾಡಿ ಹತ್ತಿದ್ಲು. ಗೊಲ್ಲಪ್ಪ ಆಗ ಹಣ್ಣು ಮುದುಕ. ಅವನೂ ಮದುವೆಗೆ ಬಂದಿದ್ದ. ‘ಮರಿ ಹಾರ್ತಲ್ಲೇ ಓಬಿ. ಇನ್ನ ಮುಚ್ಚಬೇಕು, ಅವಳೂ ಎಷ್ಟು ವರ್ಷ ಬಿಸಿಲಲ್ಲಿ ನಿಂತಿರ್ತಾಳೆ’ ಅಂದ. ಏಣಿ ಹಾಕಿಸ್ಕಂಡು, ನಡುಗ್ತಾ ನಡುಗ್ತಾ ಹತ್ತಿದ. ಕೂಗಿದ.

“ಈ ಸಲ ನನಗೂ ಕೇಳ್ತು.”

ಮಳೆ ಒಂದು ಗಳಿಗೆ ಸದ್ದಡಗಿದಂತಾಯಿತು. ಅಥವಾ ನಮಗೆ ಹಾಗೆ ಅನ್ನಿಸಿತೋ.

“‘ಇನ್ನೂ ಮರಿಗಳೈದಾವಲ್ಲಣ್ಣ...’ ಅಂದ್ಲು. ಅಷ್ಟೊತ್ತಿಗೆ ಸ್ಕೂಲಿನ ಗಂಟೆ ಹೊಡೀತು. ಮಕ್ಕಳೆಲ್ಲ ಕಮಾನಿನ ಕೆಳಗಿಂದ ಹೋ ಅಂತ ಓಡಿ ಬಂದ್ವು. ಗೊಲ್ಲಪ್ಪ ಗಾರೆ ಚೆಲ್ಲಿ, ಕೈ ಮುಗಿದು ಇಳಿದ.

“ನಂಬಾಕಿಲ್ಲ ಅಂತೀರಾ? ಮೂರನೇ ಕ್ಲಾಸಿನ ಹಿಂದಿನ ಗೋಡೆ ಮೇಲೆ ಚಾಚ್ಕಂಡಿದ್ದ ಕಲ್ಲು ಬಿತ್ತಲ್ಲ ಒಂದು ಮಳೆಗಾಲದಾಗೆ, ಅದರ ಕೆಳಗೆ ಮಕ್ಕಳು ಕುಂತು ಬುತ್ತಿ ಉಣ್ತಿದ್ವು. ‘ಅಜ್ಜಿ, ಮೇಲಿಂದ ಯಾರೋ ಸುಣ್ಣದ ಪುಡಿ ಹಾಕ್ತಾರೆ’ ಅಂತ ದೂರು ಹೇಳಾಕೆ ನನ್ನ ಹತ್ರ ಎದ್ದು ಬಂದ್ವು. ಹಿಂದೇನೆ ಕಲ್ಲು ಬಿತ್ತು. ಅನ್ನದ ಗಂಟು ಅದರಡಿ ಅಪ್ಪಚ್ಚಿ. ಒಂದು ಮಗೂಗೂ ಗೀರು ಬೀಳ್ಲಿಲ್ಲ.”

ದ್ಯಾಮಮ್ಮ ಬಲವಂತವಾಗಿ ನಕ್ಕಳು. “ಅದು ಮಕ್ಕಳ ಮಾತಾತು. ನಾವು ಮೊಮ್ಮಕ್ಕಳು ಕಂಡೋರು. ನಮ್ಮನ್ನ ಯಾರು ಕಾಯ್ತಾರಜ್ಜಿ?”

“ಹಂಗನ್ನಬ್ಯಾಡ. ಈ ನೆರಳಲ್ಲಿ ಸ್ಲೇಟು ಹಿಡಿದೋರೆಲ್ಲ ಅವಳಿಗೆ ಮರಿಗಳೇ.”

ನನಗೆ ಅಕ್ಷರ ಮರೆತುಹೋಗುವ ಭಯ. ಕತೆ ಕೇಳುತ್ತಲೇ ಸ್ಲೇಟನ್ನು ತೊಡೆಯ ಮೇಲಿಟ್ಟು ನನ್ನ ಹೆಸರು ತಿದ್ದುತ್ತಿದ್ದೆ. ಬಳಪ ಗರಗರ ಅಂದಿತು. ನೋಡಿದರೆ ಸ್ಲೇಟಿನ ಮೇಲೆ ಬೆಳ್ಳಗೆ ಪುಡಿ. ಬಳಪದ್ದಿರಬೇಕೆಂದು ಊದಿದೆ. ಮತ್ತಷ್ಟು ಉದುರಿತು. ದ್ಯಾಮಮ್ಮನ ಮುಡಿಯ ಮೇಲೂ ಇತ್ತು, ಲಾಟೀನಿನ ಗಾಜಿನ ಮೇಲೂ.

ಓಬಜ್ಜಿ ಬೆರಳಿನಿಂದ ಒಂದಿಷ್ಟು ಒತ್ತಿ ತೆಗೆದು, ದೀಪದ ಬೆಳಕಿಗೆ ಹಿಡಿದು, ನಾಲಿಗೆಗೆ ಮುಟ್ಟಿಸಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ಬಹಳ ದಿನದ ಮೇಲೆ ಗೆಳತಿಯ ದನಿ ಕೇಳಿದವಳ ಹಾಗಿದ್ದಳು.

“ಇಷ್ಟು ಮಳೇಲಿ ಒಣ ಗಾರೆ ಎಲ್ಲಿಂದ ಬಂತು ಅಂತ ಕೇಳಬ್ಯಾಡ್ರಿ,” ಅಂದಳು. “ಸ್ಲೇಟು ತಗಳ್ರಿ. ನೆಂದ್ರೂ ಪರವಾಗಿಲ್ಲ, ಹೊಂಗೆ ಮರದ ಕೆಳಕ್ಕೆ ಹೋಗಾಣ... ಏಳ್ರಿ, ಏಳ್ರಿ ಬೇಗ.”