ಹಳೇ ಸ್ಕ್ಯಾನಿನ ಜಾಗ

ಅಮ್ಮನ ಹೊಸ ಸ್ಕ್ಯಾನ್ ಬೆಳಗ್ಗೆಯೇ ಆಗಿತ್ತು. ಹೋದ ವರ್ಷದ್ದನ್ನೂ ಪಕ್ಕದಲ್ಲಿಟ್ಟು ನೋಡದೆ ಆಪರೇಷನ್ ಮಾತೇ ಎತ್ತುವುದಿಲ್ಲ ಅಂದಿದ್ದರು ಡಾಕ್ಟರು. ಆ ಹಳೇದಕ್ಕಾಗಿ ರಮ್ಯಶ್ರೀ, ಎರಡನ್ನೂ ತೆಗೆಸಿದ್ದ ಮಾರತ್ತಹಳ್ಳಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅಮ್ಮನ ಜೊತೆ ಕಾದು ಕೂತಿದ್ದಳು. ಬೆನ್ನ ಹಿಂದೆ, ಕಂಬದ ಮರೆಯಲ್ಲಿ, ಸರ್ವರ್ ನೋಡಿಕೊಳ್ಳುವ ಇಬ್ಬರು ಪಿಸುಗುಡುತ್ತಿದ್ದರು.

“ಹೊಸ ಸ್ಕ್ಯಾನ್‌ಗಳಿಗೆ ಜಾಗ ಸಾಲ್ತಿರ್ಲಿಲ್ಲ ಜಗನ್ ಸರ್. ಹಳೇ ಸ್ಕ್ಯಾನ್‌ಗಳಿರೋ ಡಿಸ್ಕ್ ವಾಲ್ಯೂಮಿಂದ ಅರ್ಧ ಜಾಗ ತೆಗೆದು ಕೊಟ್ಟೆ.”

“ಕೊಡು, ಯಾರು ಬೇಡ ಅಂದ್ರು? ಮೊದ್ಲು ಒಳಗಿನ ಫೈಲ್ ಸಿಸ್ಟಮ್ ಕುಗ್ಗಿಸಿ, ಫೈಲ್‌ಗಳನ್ನೆಲ್ಲ ಉಳಿಯೋ ಅರ್ಧಕ್ಕೆ ಸರಿಸ್ದೆ ತಾನೇ ಬಸು?”

“ಮರ್ತ್‌ಬಿಟ್ಟೆ ಸರ್. ವಾಲ್ಯೂಮನ್ನೇ ನೇರವಾಗಿ ಕತ್ತರಿಸ್ಬಿಟ್ಟೆ.”

“ಅಯ್ಯೋ, ಸಾಮಾನು ತೆಗೀದೆ ಅರ್ಧ ಮನೆ ಕೆಡವಿದಂಗಾಯ್ತಲ್ಲೋ! ಆ ಜಾಗ ಹಾಗೇ ವಾಪಸ್ ಸೇರಿಸು.”

“ಅದ್ರ ಮೇಲೆ ಬೆಳಗಿನ ಸ್ಕ್ಯಾನ್‌ಗಳು ಬಂದು ಕೂತ್ಬಿಟ್ಟಿವೆ ಸರ್.”

“ಬ್ಯಾಕಪ್ ಇದ್ಯಲ್ಲ?”

“ಜಾಗ ಇಲ್ಲ, ಅಳಿಸಾಕು ಅಂತ ಮೊನ್ನೆ ನೀವೇ ಅಂದ್ರಲ್ಲ.”

ಇಬ್ಬರೂ ಕಂಬದ ಮರೆಯಿಂದ ಈಚೆ ಬಂದರು.

“ನಮ್ದು ಸಿಕ್ತೇನಪ್ಪಾ?” ಅಮ್ಮ ಕೇಳಿದಳು.

“ಸಿಗುತ್ತೆ ಅಮ್ಮ, ಕೂತಿರಿ,” ಎಂದ ಬಸು, ಅವಳ ಮುಖ ನೋಡದೆ ಮೆಟ್ಟಿಲಿಳಿದು ಹೋದ.

ಅಮ್ಮ ಮಗಳ ಕೈ ತಟ್ಟಿದಳು. “ಕೇಳಿಸ್ತಾ? ಸಿಗುತ್ತಂತೆ.”