ಚಿಕ್ಕಮುನಿಯಪ್ಪ ಉತ್ತರ ಕೊಟ್ಟ ರಾತ್ರಿ

ಲೈಟ್ ಆರಿಸ್ಬೇಡಿ, ಇರಲಿ. ಇದು ನನ್ನ ದೊಡ್ಡಮ್ಮನ ಮಗ ಬಾಲರಾಜುಗೆ ಆಗಿದ್ದು. ಹೋದ ಬೇಸಿಗೇಲಿ, ಇಲ್ಲೇ ಕೊಡಿಗೇಹಳ್ಳೀಲಿ. ಆ ಬಡಾಯಿ ಬಾಲರಾಜು ಗೊತ್ತಲ್ಲ... ಅಪ್ಪನ ಜಮೀನಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸ್ತಾ, ಕತ್ತಲಲ್ಲೂ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಓಡಾಡೋ ಪ್ರಾಣಿ.

ಅವತ್ತು ಹೆಬ್ಬಾಳದಲ್ಲಿ ಪಾರ್ಟಿ ಮುಗಿಸಿ ಬರ್ತಾ ಕಾರು ಕೈಕೊಡ್ತು. ಸೈಟಿನ ಹಿಂದಿನ ದಾರೀಲಿ ನಡ್ಕೊಂಡು ಹೊರಟ. ಅಲ್ಲೊಂದು ಆಲದ ಮರ, ಪಕ್ಕದಲ್ಲಿ ಹಳೇ ತೋಟದ ಬಾವಿ. ಕಟ್ಟೆ ಕುಸಿದು ನೆಲಸಮ. ಬಾವಿಗೊಂದು ಬೇಲಿ ಹಾಕ್ಸೋ ಯೋಗ್ಯತೆ ಇಲ್ಲ ಇವನಿಗೆ, ಗೇಟಿಗೆ ಮಾತ್ರ ಇಟಲಿ ಮಾರ್ಬಲ್ಲು.

ಬಾವಿ ಕಡೆಯಿಂದ ಕರ್... ಕರ್... ಆಮೇಲೆ ಟಿಕ್. ವಾಕಿಟಾಕಿ ಗುಂಡಿ ಒತ್ತಿದ ಸದ್ದು. ಸೈಟಿನ ವಾಚ್‌ಮನ್ ಜಿಯಾವುಲ್ಲಾ, ನಮಗೆಲ್ಲ ಜಿಯಾ ಚಾಚಾ, ಕಲ್ಲಿನ ಮೇಲೆ ಕೂತು ಪಿಸುಗುಡ್ತಿದ್ರು.

"ಮುನಿ... ನಾನು ಜಿಯಾ. ಕೇಳಿಸ್ತಾ ಇದೆಯಾ? ಓವರ್."

ಚಾಚಾ ಸೈನ್ಯದಲ್ಲಿ ಪ್ಯಾರಾಶೂಟ್ ಸಿಗ್ನಲ್‌ನಲ್ಲಿದ್ದವರು. ಎರಡನೇ ಮಹಾಯುದ್ಧದ ಕಾಲದಿಂದ ಇರೋ ಕೆಲಸ ಅದು. ವಿಮಾನದಿಂದ ಹಾರೋ ದಂಡಿನ ಜೊತೆ ವೈರ್‌ಲೆಸ್ ಸೆಟ್ ಕಟ್ಕೊಂಡು ಇವರೂ ಹಾರ್ತಾರೆ. ಎರಡೂ ಪಾದ ಜೋಡಿಸಿ ಇಳಿದ ತಕ್ಷಣ, ಕಾಲು ಮುರಿದಿದ್ರೂ ಸರಿ, ಮೊದಲು ಸೆಟ್ ಆನ್ ಮಾಡಿ ಮಾತಾಡ್ಬೇಕು. ಇಲ್ಲದಿದ್ರೆ ಇಳಿದವರು ಬದುಕಿದಾರೋ ಸತ್ತರೋ ಹಿಂದಿದ್ದವರಿಗೆ ಗೊತ್ತಾಗಲ್ಲ. ಒಬ್ಬ ಕರೀತಾನೆ, ಮಿಕ್ಕವರು ಸರದಿ ಪ್ರಕಾರ ಉತ್ತರ ಕೊಡ್ತಾರೆ. ಒಬ್ಬನ ಪಾಳಿಗೆ ಇನ್ನೊಬ್ಬ ಬಾಯಿ ಹಾಕೋ ಹಾಗಿಲ್ಲ. ಈಗ ನಿನ್ನ ಸರದಿ ಅನ್ನೋಕೆ ಓವರ್, ಕೇಳಿಸ್ತು ಅನ್ನೋಕೆ ರೋಜರ್, ಮಾತು ಪೂರ್ತಿ ಮುಗೀತು ಅನ್ನೋಕೆ ಔಟ್.

ಚಿಕ್ಕಮುನಿಯಪ್ಪ ಇದೇ ಊರಿನವನು, ಚಾಚಾನ ಗೆಳೆಯ. ಒಂದು ರಾತ್ರಿ ತರಬೇತೀಲಿ ಹಾರಿದವನು ಹೊಳೆ ಪಾಲಾದ, ಹೆಣವೂ ಸಿಗಲಿಲ್ಲ. ಕರೆಯೋ ಡ್ಯೂಟಿ ಅವತ್ತು ಚಾಚಾದು. ಎಲ್ಲರೂ ಉತ್ತರ ಕೊಟ್ರು, ಮುನಿ ಕೊಡಲಿಲ್ಲ. ಅದಕ್ಕೇ ಪ್ರತಿ ವರ್ಷ ಆ ರಾತ್ರಿ ಕರೀತಾರೆ. ಬಾಲರಾಜು ಇದನ್ನೆಲ್ಲ ಕೇಳಿದ್ದ. "ಮಿಲಿಟ್ರೀಲಿ ಫೋನ್ ಆಪರೇಟ್ರು ಕಣ್ರೀ" ಅಂತ ಹಲ್ಲು ಕಿರಿದಿದ್ದ.

ಸೊಂಟದಲ್ಲಿ ಇವನದೂ ಒಂದು ಸೈಟಿನ ವಾಕಿಟಾಕಿ, ಶೋಕಿಗೆ. ಮರದ ಹಿಂದೆ ನಿಂತು ಗುಂಡಿ ಒತ್ತಿ ದನಿ ದಪ್ಪ ಮಾಡಿದ.

"ಕೇಳಿಸ್ತೈತೆ ಜಿಯಾ... ಓವರ್."

ಚಾಚಾ ಬಿಕ್ಕಿ ಬಿಕ್ಕಿ ಅತ್ತರು.

"ಎಲ್ಲಿದ್ದೀಯೋ ಮುನಿ?"

"ಬಾವೀಲಿ ಕಣೋ... ಬಾ."

ಚಾಚಾ ಎದ್ದರು. ಚಪ್ಪಲಿ ಚರ್... ಚರ್... ನೇರ ಬಾವಿ ಕಡೆಗೆ. ಅಂಚಿನಿಂದ ಒಂದು ಕಲ್ಲು ಜಾರಿತು. ಎಷ್ಟೋ ಹೊತ್ತಾದ ಮೇಲೆ ಕೆಳಗೆ... ಡುಬ್.

ಒಂದು ಕೂಗು ಹಾಕಿದ್ರೆ ಸಾಕಿತ್ತು. ಹಾಕಲಿಲ್ಲ ರೀ ಆ ನಾಲಾಯಕ್ಕು! ಕೂಗಿದ್ರೆ ಸಿಕ್ಕಿಬೀಳ್ತೀನಲ್ಲ ಅಂತ ಬಾಯಿ ಮುಚ್ಕೊಂಡು ನಿಂತ. ಮುದುಕನ ಜೀವಕ್ಕಿಂತ ಇವನ ಮಾನ ಹೆಚ್ಚು. ಥೂ.

ಆಗ ಇವನ ಕೈಲಿದ್ದ ವಾಕಿಟಾಕಿ ಟಿಕ್ ಅಂತು. ಗುಂಡಿ ಇವನು ಒತ್ತಿರಲಿಲ್ಲ.

"ಜಿಯಾ... ಅಲ್ಲೇ ನಿಂತ್ಕೋ."

ಚಾಚಾ ನಿಂತರು.

"ಆಗ ಮಾತಾಡ್ದೋನು ನಾನಲ್ಲ. ಇಂದಕ್ಕೋಗು. ನಾನು ಸರಿಯಾಗೇ ಇಳ್ದಿವ್ನಿ. ಸೆಟ್ ಮುಚ್ಚಿ ಮನೇಗೋಗು ಇನ್ನ. ಓವರ್."

ಚಾಚಾ ಎರಡು ಹೆಜ್ಜೆ ಹಿಂದಕ್ಕೆ ಬಂದ್ರು. ಆಮೇಲೆ ಮೆಲ್ಲಗೆ, "ರೋಜರ್ ಮುನಿ... ಔಟ್." ಟಕ್. ಸೆಟ್ ಆರಿಸಿ ಮನೆ ಕಡೆ ನಡೆದರು.

ನಮ್ಮ ಹೀರೋ ಪ್ಯಾಂಟು ಒದ್ದೆ ಮಾಡ್ಕೊಂಡು ಓಡಿ ಬಂದು ಜ್ವರ ಹಿಡಿದು ಮಲಗಿದ. ಆ ರಾತ್ರೀನೇ ಅವರಮ್ಮ, ಸುಬ್ಬಮ್ಮ ದೊಡ್ಡಮ್ಮನ ಮುಂದೆ ಎಲ್ಲ ಕಕ್ಕಿದ. ಈಗ ಕೇಳಿದ್ರೆ, ಬೇರೆ ಯಾವುದೋ ಸಿಗ್ನಲ್ ಸೇರಿತ್ತು ಅಂತ ಬೊಗಳ್ತಾನೆ. ಆದ್ರೆ ಚಾಚಾ ನನಗೆ ಹೇಳಿದ್ದೂ ಅದೇ ಮಾತುಗಳು, ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ.

ಅವತ್ತಿನ ಮಾರನೇ ಬೆಳಗ್ಗೆ ನಾನೇ ಹೋಗಿ ನೋಡಿದೆ. ಬಾವಿ ಅಂಚಿಗೂ ಚಾಚಾನ ಚಪ್ಪಲಿ ಗುರುತಿಗೂ ನಡುವೆ, ಕಟ್ಟಡಕ್ಕೆ ತಂದು ಸುರಿದಿದ್ದ ಎಂಸ್ಯಾಂಡ್ ಮರಳಿನ ಪುಡಿ ಮೇಲೆ, ಒಂದು ಜೊತೆ ಬೂಟಿನ ಗುರುತು. ಎರಡೂ ಜೋಡಿಸಿಟ್ಟ ಹಾಗೆ, ಆಳವಾಗಿ, ಚಾಚಾ ಕಡೆ ಮುಖ ಮಾಡಿ. ಅಲ್ಲಿಗೆ ಬಂದ ಹೆಜ್ಜೆ ಇಲ್ಲ, ಹೋದ ಹೆಜ್ಜೆ ಇಲ್ಲ. ನಂಬ್ತೀರೋ ಬಿಡ್ತೀರೋ... ಮಳೆ ಬಂದು ತಿಂಗಳಾಗಿತ್ತು. ನಾನು ಬೆರಳಿಟ್ಟು ನೋಡಿದೆ. ಗುರುತಿನ ಒಳಗೆ ಮಾತ್ರ ಒದ್ದೆ ಇತ್ತು.